ಬೆಲೆ ಕೇಳುವ ಮುನ್ನ

ಅರವತ್ತೆರಡು ಸಾವಿರ.
ಐಸ್‌ಕ್ರೀಮಿನ ಖಾಲಿ ಡಬ್ಬಿಯಲ್ಲಿ, ರಬ್ಬರ್ ಬ್ಯಾಂಡು ಎರಡು ಸುತ್ತು.
ಬೈತಖೋಲದ ಬೋಟುಗಳ ಇಂಜಿನ್ನಿನ ಹೊಟ್ಟೆಗೆ
ಹನ್ನೊಂದು ವರ್ಷ ಕೈಹಾಕಿ ಕೂಡಿಸಿದ್ದು.
ಮುಂದಿಟ್ಟು ಹೇಳಿದೆ, ಕುದುರೆ ಕೊಡಿ.

ರಮೀಜಾಬಿ ಚಾಬೂಕಸವಾರ
ಡಬ್ಬಿ ನೋಡಲಿಲ್ಲ, ನನ್ನ ಚಪ್ಪಲಿ ನೋಡಿದಳು.
‘ಇವಳು ತುಳಿದರೆ ಬೆರಳು ಲೆಕ್ಕಕ್ಕೆ ಸಿಗೋದಿಲ್ಲ, ತಮ್ಮಾ.
ಮೊದಲು ಬೂಟು ತಗೊಂಡು ಬಾ.’

ಬೂಟು ತಂದೆ. ಬುಟ್ಟಿ ಕೊಟ್ಟಳು.
ಲದ್ದಿ ಬಾಚುವುದರಿಂದ ಶುರುವಾಯಿತು ನನ್ನ ಸವಾರಿ.

ಗುಲ್‌ಛಡಿ, ಸುಣ್ಣ ಮಾಸಿದ ಗೋಡೆಯ ಬಣ್ಣದವಳು,
ಕಾರವಾರದ ಮರಳಲ್ಲಿ ಪರವೂರ ಮಕ್ಕಳನ್ನು ಹೊತ್ತು
ಬಂದರಿಗೆ ಮುಖಮಾಡಿ ಹೋಗಿ, ಬೆನ್ನುಮಾಡಿ ಬರುವವಳು,
ಮೂರು ವಾರ ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ನಿಂತಳು.
ಹಿಂದಿನಿಂದ ಬರಬೇಡ. ಬರುವ ಮೊದಲು ಮಾತಾಡು.
ಏನು ಮಾತಾಡಲಿ?
‘ಏನಾದರೂ. ಬಂಗಡೆ ರೇಟು ಹೇಳು.’
ಹೇಳಿದೆ. ಒಂದು ಕಿವಿ ನನ್ನ ಕಡೆ ತಿರುಗಿತು,
ಇನ್ನೊಂದು ಸಮುದ್ರದ ಕಡೆಯೇ ಉಳಿಯಿತು.
ಆ ಒಂದು ಕಿವಿಗಾಗಿ ಮನೆಯಲ್ಲಿ ಕಡಲೆಬೇಳೆ ಪಾಯಸ ಮಾಡಿಸಿದೆ.
ಚಂದ್ರಭಾಗಾ ಬಡಿಸುತ್ತ ಅಂದಳು:
ಇಷ್ಟು ದಿನ ಡೀಸೆಲ್ ನಾತ, ಈಗ ಇದು.

ಗೊರಸೆತ್ತಿ ತೊಡೆಯ ನಡುವೆ ಹಿಡಿದು
ಒಳಗಿನ ಮೆತ್ತನೆ ತ್ರಿಕೋನಕ್ಕೆ ಕೊಕ್ಕೆ ತಾಗದಂತೆ ಮರಳು ಕೆದರುವುದು.
ಜೀನಿನ ಪಟ್ಟಿ ಬಿಗಿಯುವ ಮೊದಲು
ಉಪ್ಪಿನ ಒಂದು ಕಣವೂ ಇಲ್ಲವೆಂದು ಬೆರಳಾಡಿಸಿ ನೋಡುವುದು.
ಒಸಡು ಒತ್ತಿ ಬಿಟ್ಟರೆ ಕೆಂಪು ಮರಳುವುದಕ್ಕೆ ಎಷ್ಟು ಹೊತ್ತು ಎಂಬುದು.
ಮತ್ತೆ ಬಕೆಟ್ಟು. ನೀರಲ್ಲಿ ಲದ್ದಿ ಕದಡಿ, ಸುಮ್ಮನೆ ಬಿಟ್ಟು,
ತಿಂದ ಮರಳು ಅಡಿಯಲ್ಲಿ ಎಷ್ಟು ಕೂತಿತು, ನೋಡು.
ಇದು ನನಗೆ ಗೊತ್ತಿತ್ತು!
ಡೀಸೆಲ್ಲನ್ನು ಬಾಟಲಿಗೆ ಬಿಟ್ಟು ನೀರು ಕೂರುವುದನ್ನು ಕಾಯುತ್ತೇವಲ್ಲ.
ಹೇಳಿದರೆ ಅವಳು ನಗಲಿಲ್ಲ.
‘ಇಂಜಿನ್ ಕೆಟ್ಟರೆ ಬಿಚ್ಚಿಡ್ತಿ. ಇವಳನ್ನ?’

ಬೋಟುಗಳೆಲ್ಲ ದಡಕ್ಕೆ ಬಂದು ತಾಡಪತ್ರಿ ಹೊದ್ದ ತಿಂಗಳು,
ರಾತ್ರಿ ಒಂದೂವರೆಗೆ ಫೋನು.
ಗುಲ್‌ಛಡಿ ತನ್ನ ಪಕ್ಕೆಯನ್ನೇ ತಿರುತಿರುಗಿ ನೋಡುತ್ತಿದ್ದಳು,
ಅಲ್ಲಿಂದ ಯಾರೋ ಹೆಸರು ಹಿಡಿದು ಕರೆದಂತೆ.
ಕಿವಿಯಿಟ್ಟೆ.
ಹನ್ನೊಂದು ವರ್ಷ ಕೆಟ್ಟ ಸದ್ದು ಹುಡುಕಿದ ಕಿವಿ.
ಇಲ್ಲಿ ಸದ್ದಿಲ್ಲದ್ದೇ ಕೆಟ್ಟದ್ದು.

ಡಾಕ್ಟರು ಸೂಜಿ ಚುಚ್ಚಿ ಹೋದರು.
ಹೊರಳಲು ಬಿಡಬೇಡಿ, ಕರುಳು ತಿರುಚೀತು.
ನಡೆಸಿದೆ. ಕೋಡಿಬಾಗದ ರಸ್ತೆಯುದ್ದಕ್ಕೂ, ಕಾಳಿ ಸೇತುವೆಯವರೆಗೆ, ಮರಳಿ,
ದೀಪದ ಕಂಬದಿಂದ ದೀಪದ ಕಂಬಕ್ಕೆ,
ಬಂಗಡೆ ರೇಟು ಮುಗಿದು, ಸಿಗಡಿ ರೇಟು ಮುಗಿದು,
ಚಂದ್ರಭಾಗಾಳಿಗೂ ಹೇಳದ ಒಂದೆರಡನ್ನು ಹೇಳಿ.
ಆಗ ಎರಡೂ ಕಿವಿ ನನ್ನ ಕಡೆಗಿದ್ದವು.
ಅದು ನೆನಪಾದದ್ದು ಮಾರನೆಯ ದಿನ.

ಫಜರಿನ ಬಾಂಗಿನ ಹೊತ್ತಿಗೆ
ಬಾಲ ಎತ್ತಿದಳು.
ಒದ್ದೆ ಡಾಂಬರಿನ ಮೇಲೆ ಹಬೆಯಾಡುವ ಲದ್ದಿ.
ನಾನು ಕುಣಿದೆ. ಹಾಲಿನ ಹುಡುಗ ಸೈಕಲ್ ನಿಲ್ಲಿಸಿ ನೋಡಿದ.

ಕಟ್ಟೆಯ ಮೇಲೆ ಕೂತು ಸೆರಗು ಹಿಂಡುತ್ತ ರಮೀಜಾಬಿ
‘ಈಗ ಕೇಳು,’ ಅಂದಳು, ‘ಬೆಲೆ.’

ಡಬ್ಬಿಯಲ್ಲಿ ಆಗ ನಲವತ್ತೊಂದೇ ಇತ್ತು. ಬೂಟು, ಹುರುಳಿ, ಡಾಕ್ಟರು.
ಹಳಿಯಾಳದ ಹುಲ್ಲಿಗೆ ಶ್ರಾವಣದಲ್ಲಿ ಲಾರಿಯವ ಎಷ್ಟು ಹೇಳುತ್ತಾನೆ, ಕೇಳಿದೆ.
ಲಾಳ ಹೊಡೆಯುವವನ ನಂಬರು ಕೇಳಿದೆ.
ಮೇವು ಹಾಕಲಿಕ್ಕೆ, ಈ ಊರಲ್ಲಿ,
ಮರಳಿಲ್ಲದ ಜಾಗ ಎಲ್ಲಿ ಸಿಗುತ್ತದೆ?

ಅವಳು ಬಾಯಿ ತೆರೆಯುವ ಮೊದಲೇ
ಬಕೆಟ್ಟಿಗೆ ನೀರು ಬಿಟ್ಟಿದ್ದೆ.
ಅಡಿಯಲ್ಲಿ ಎಷ್ಟು ಕೂರುತ್ತದೆ, ನೋಡಬೇಕಿತ್ತು.